ಖಾಲಿ ಹಾಳೆಯ ಕೆಳಗೆ ಸೈನು

ತಮಿಳು ಗಡಿಯ ನಮ್ಮ ಪಂಚಾಯತಿ ಯೂನಿಯನ್ ಕೌನ್ಸಿಲಿನಲ್ಲಿ ಆ ಪಕ್ಷದವರು ಏಳು, ಈ ಪಕ್ಷದವರು ಏಳು, ನಡುವೆ ಪಕ್ಷವಿಲ್ಲದ ನಾನೊಬ್ಬಳು. ಎರಡೂ ಕಡೆಯವರು ಎಲ್ಲದಕ್ಕೂ ಕಚ್ಚಾಡುತ್ತಿದ್ದರು. ಒಂದು ಪದ್ಧತಿಯಲ್ಲಿ ಮಾತ್ರ ಅಣ್ಣತಮ್ಮಂದಿರು. ಸಭೆಗೆ ಬಂದವರು ಮೊದಲು ನಡಾವಳಿ ಪುಸ್ತಕದ ಖಾಲಿ ಹಾಳೆಯ ಕೆಳಗೆ ಸೈನು ಹಾಕಬೇಕು. ಮೇಲಿನ ತೀರ್ಮಾನಗಳನ್ನು ಗುಮಾಸ್ತ ಆಮೇಲೆ ತಮಿಳಿನಲ್ಲಿ ಬರೆದುಕೊಳ್ಳುತ್ತಿದ್ದ. ಗೆದ್ದ ಹುರುಪಿನಲ್ಲಿ ನಾನೂ ಮೊದಲ ದಿನ ದೊಡ್ಡದಾಗಿ ಸೈನು ಹಾಕಿ, ವಡೆ ತಿಂದು ಬಂದೆ. ಎಂಥ ದಡ್ಡಿ ನಾನು!

ನನ್ನ ವಾರ್ಡು ಸಾನಮಾವು ಕಾಡಿನಿಂದ ಆನೆ ಇಳಿಯುವ ಅಂಚಿನ ಊರು. ಹೂ ಬಿಡಿಸುವ ಹೆಂಗಸರು ಕೋಳಿ ಕೂಗುವ ಹೊತ್ತಿಗೇ ತೋಟಕ್ಕೆ ಹೊರಡಬೇಕು. ಆ ಕತ್ತಲಲ್ಲಿ ಎದುರಿಗೇ ಆನೆ ನಿಂತಿದ್ದರೂ ಕಾಣುವುದಿಲ್ಲ. ಆ ದಾರಿಗೆ ದೀಪ ಹಾಕಿಸುತ್ತೇನೆಂದೇ ನಾನು ವೋಟು ಕೇಳಿದ್ದು. ತಿಂಗಳಾದ ಮೇಲೆ ನಾದಿನಿ ನಡಾವಳಿಯ ನಕಲು ತಂದು ಮುಖಕ್ಕೆ ಹಿಡಿದಳು.

"ದೀಪ ಈಗ ಬ್ಯಾಡ ಅಂತ ಬರ್ದವ್ರೆ. ಕೆಳಗೆ ನಿನ್ದೇ ಸೈನು ಐತಲ್ಲ ಅತ್ಗೆ! ನಾಳೆ ಆನೆ ತುಳಿದ್ರೆ ಯಾರ್ನ ಕೇಳಾನ?"

ನಾಚಿಕೆಯಿಂದ ನೆಲ ನೋಡಿದೆ. ಇನ್ನು ಓದದೆ ಸೈನು ಹಾಕಿದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡೆ.

ಮುಂದಿನ ಸಭೆಯಲ್ಲಿ ಗುಮಾಸ್ತ ಪುಸ್ತಕ ಚಾಚಿದಾಗ, "ಮೊದ್ಲು ಬರೀರಿ, ಓದಿ ಹೇಳಿ. ಆಮೇಲೆ ಹಾಕ್ತೀನಿ" ಅಂದೆ.

"ಹೊಸಬ್ಳಿಗೆ ಏನು ಪೊಗರಪ್ಪ!" ಎಂದು ಎರಡೂ ಕಡೆಯವರು ಗೊಣಗಿದರು. ಬಂದ ದೀಪದ ಕಂಬಗಳನ್ನೆಲ್ಲ ಅವರು ತಮ್ಮ ವಾರ್ಡುಗಳಿಗೆ ಹಂಚಿಕೊಂಡಾಗಿತ್ತು. ನಮ್ಮ ದಾರಿಯ ದೀಪಕ್ಕೆ ಕೈ ಎತ್ತಿ ಅಂತ ನಾನು ಕೇಳಿದರೆ ಎದ್ದದ್ದು ನನ್ನದೊಂದೇ ಕೈ.

ಆದರೂ ಕೂರಲಿಲ್ಲ. "ಆಗ್ಲಿ. ಬ್ಯಾಡ ಅಂದೋರ ಹೆಸ್ರು ಒಂದೊಂದಾಗಿ ಬರೀರಿ. ನಮ್ಮೂರಾಗೆ ನಿಂತು ನಾನೇ ಓದ್ತೀನಿ" ಅಂದೆ.

ಗುಮಾಸ್ತ ಪೆನ್ನು ತೆಗೆದ. ಆಗ ಎದುರು ಸಾಲಿನ ಹಿರಿಯರೊಬ್ಬರು, ನಾಲ್ಕು ಸಲ ಗೆದ್ದವರು, ಕುರ್ಚಿಯಿಂದ ಎದ್ದರು.

"ತಡಿಯಪ್ಪ, ನನ್ನ ಹೆಸ್ರು ಬರೀಬ್ಯಾಡ. ನನ್ನ ಮಗ್ಳು ಅದೇ ಊರಿನ ಸೊಸೆ. ದಿನಾ ಹೂ ಬಿಡಿಸೋಕೆ ಹೋಯ್ತಾಳೆ."

ಅವರು ಕೈ ಎತ್ತಿದರು. ದೀಪ ಬೇಡವೆಂದ ಆ ಹಿಂದಿನ ಹಾಳೆಯ ಕೆಳಗೆ ಅವರ ಸೈನೂ ಇತ್ತು. ಆಮೇಲೆ ಪಕ್ಕದವರ ಕೈ, ಅವರ ಹಿಂದಿನವರದು, ಹೀಗೆ ಹತ್ತು ಕೈಯಾಯಿತು. ಗುಮಾಸ್ತ ತೀರ್ಮಾನ ಬರೆದು ಗಟ್ಟಿಯಾಗಿ ಓದಿದ. ನಾನು ಸೈನು ಹಾಕಿ ಪುಸ್ತಕವನ್ನು ಆ ಹಿರಿಯರ ಮುಂದೆ ಸರಿಸಿದೆ. ಅವರು ಪೆನ್ನು ಹಿಡಿದು, ಹಾಕದೆ ಕೂತರು.

"ಇನ್ನೊಂದ್ಸಲ ಓದಪ್ಪ" ಅಂದರು.