ಒಣ ಬಚ್ಚಲಲ್ಲಿ ಒಂದು ಸ್ನಾನ

ನಮ್ಮ ಮನೆಯಲ್ಲಿ ಬೆಳಗಾಗುವುದು ಅತ್ತೆಯ ಚೊಂಬಿನ ಸದ್ದಿನಿಂದ. ಆರು ಗಂಟೆಗೆ ಬಚ್ಚಲಿನ ಚಿಲಕ ಬೀಳುತ್ತದೆ. ಬಕೆಟ್ಟು ತುಂಬುವ ಸದ್ದು, ಮಣೆ ಎಳೆದುಕೊಳ್ಳುವ ಸದ್ದು, ಆಮೇಲೆ ಒಂದರ ಹಿಂದೊಂದು ಚೊಂಬು. ನಾನು ಅಡುಗೆಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹೆಚ್ಚುತ್ತಾ ಕೇಳುತ್ತಿರುತ್ತೇನೆ. ಎಣಿಸಬೇಕೆಂದು ಎಣಿಸುವುದಲ್ಲ, ಇಪ್ಪತ್ತಾರು ವರ್ಷ ಕೇಳಿದ ಕಿವಿ ತಾನಾಗಿ ಎಣಿಸುತ್ತದೆ. ಹದಿನಾಲ್ಕು ಚೊಂಬು. ತಲೆಗೆ ಹಾಕಿಕೊಳ್ಳುವ ಸೋಮವಾರ ಮಾತ್ರ ಇಪ್ಪತ್ತು ದಾಟುತ್ತದೆ.

ನಾವು ದಾವಣಗೆರೆ ಕಡೆಯವರು, ಲಿಂಗ ಕಟ್ಟಿದವರು. ಅತ್ತೆಯ ಕೊರಳಿನ ದಾರದಲ್ಲಿ ಪುಟ್ಟ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಸ್ನಾನ ಮುಗಿಸಿ, ಒಗೆದ ಸೀರೆ ಉಟ್ಟು, ಪೂಜೆಗೆ ಕೂತು ಏಳುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಇದು ಶಾಸ್ತ್ರವೋ ಅವರೊಬ್ಬರ ಹಠವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೂ ಲಿಂಗ ಕಟ್ಟಿಕೊಂಡವಳೇ. ಆದರೆ ದಾರವನ್ನು ಬೆನ್ನ ಹಿಂದಕ್ಕೆ ಸರಿಸಿ, ಷವರಿನ ಕೆಳಗೆ ಐದು ನಿಮಿಷದಲ್ಲಿ ಮುಗಿಸಿ ಬರುವವಳು.

ಕಳೆದ ಶಿವರಾತ್ರಿ ಮುಗಿದ ವಾರ ಒಂದು ಬೆಳಿಗ್ಗೆ ಹದಿನಾಲ್ಕನೇ ಚೊಂಬಿನ ಮೇಲೆ ಚಿಲಕ ತೆಗೆಯುವ ಸದ್ದು ಬರಲಿಲ್ಲ. ಒಲೆ ಆರಿಸಿ ಹೋದೆ. ಒಳಗಿನಿಂದ ಸಣ್ಣ ದನಿಯಲ್ಲಿ, "ಏಳಕ್ಕೆ ಆಗ್ತಿಲ್ಲ ಕಣವ್ವ" ಅಂದರು. ಕೂತಲ್ಲಿಂದಲೇ ಚೊಂಬಿನಿಂದ ಚಿಲಕ ತಳ್ಳಿ ತೆಗೆದರು. ಎಡ ಮಂಡಿ ಮಡಚಿದ್ದು ಮಡಚಿದ ಹಾಗೇ ನಿಂತುಬಿಟ್ಟಿತ್ತು. ತೋಳಡಿ ಕೈಹಾಕಿ ಎಬ್ಬಿಸಿದೆ. ನಿಂತರು. ನಿಂತು ನನ್ನ ಮುಖ ನೋಡಿ, "ಮುಟ್ಟಿಬಿಟ್ಟೆಯಲ್ಲವ್ವಾ" ಎಂದು ಮತ್ತೆ ಮಣೆಯ ಮೇಲೆ ಕೂತು ಎರಡು ಚೊಂಬು ನೀರು ಸುರಿದುಕೊಂಡರು. ಮೈಲಿಗೆ ಕಳೆಯಿತು. ಆದರೆ ಮತ್ತೆ ಏಳಲು ಬರಲಿಲ್ಲ.

ನಾನು ಮತ್ತೆ ಎಬ್ಬಿಸಿದೆ. ಅವರು ಮತ್ತೆ ಕೂತರು.

"ಅತ್ತೆ, ಹಿಂಗೇ ಮಾಡ್ತಿದ್ರೆ ಸಂಜೆ ಆಗುತ್ತೆ" ಅಂದೆ.

"ಆಗ್ಲಿ. ನೀನು ಆಚೆ ನಿಂತ್ಕೋ" ಅಂದವರು ಬಲಗಡೆ ಗೋಡೆಯ ನಲ್ಲಿಯನ್ನು ಹಿಡಿದು, ಜೋರಾಗಿ ಜಗ್ಗಿ ಎದ್ದೇ ಎದ್ದರು. ನಲ್ಲಿಯೂ ಅವರ ಜೊತೆ ಬಂತು. ಗೋಡೆಯ ತೂತಿನಿಂದ ನೀರು ಎದುರು ಗೋಡೆಗೆ ಹಾರಿ, ಅಲ್ಲಿಂದ ನನ್ನ ಮುಖಕ್ಕೆ ಹೊಡೆಯಿತು. ನಮ್ಮವರು ಲುಂಗಿ ಎತ್ತಿ ಕಟ್ಟಿಕೊಂಡು ಮೇನ್ ವಾಲ್ವ್ ಹುಡುಕಲು ಓಡಿದರು. ಅತ್ತೆ ಮಾತ್ರ ಕಿತ್ತ ನಲ್ಲಿಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಎದೆಯ ಮೇಲಿಟ್ಟು ನಿಂತಿದ್ದರು. ಪಾಪ, ಗಾಬರಿಗೆ ಎದೆ ಹಿಡಿದುಕೊಂಡಿದ್ದಾರೆ ಅಂದುಕೊಂಡೆ.

"ನಾನಾಗೇ ಎದ್ದೆ ನೋಡು" ಅಂದರು.

ಹೀಗೆ ನಮ್ಮ ಬಚ್ಚಲ ರಿಪೇರಿ ಶುರುವಾಯಿತು. ಹೂಡಿ ಬಡಾವಣೆಯ ಈ ಫ್ಲಾಟು ನಮ್ಮವರು ಕಾರ್ಖಾನೆಯ ಕೆಲಸದಲ್ಲಿದ್ದಾಗ ಕೊಂಡದ್ದು. ಪೈಪುಗಳಿಗೆ ನಮ್ಮ ಮಗಳಷ್ಟೇ ವಯಸ್ಸು. ಕೆಳಗಿನ ಮನೆಯ ಸೀಲಿಂಗ್ ಆಗಲೇ ತೇವ ಹಿಡಿದಿತ್ತು. ನೋಡಲು ಬಂದ ಪ್ಲಂಬರ್, ನಲ್ಲಿ ಒಂದನ್ನೇ ಹಾಕಿ ಉಪಯೋಗವಿಲ್ಲ, ಪೂರ್ತಿ ಒಡೆದು ಮಾಡಿಸಿ ಎಂದು ಹೇಳಿ ಹೋದ. ಮಂಡಿ ನೋಡಿದ ಡಾಕ್ಟರು ಇನ್ನೊಂದು ಹೇಳಿದರು: ಇನ್ನು ಮೇಲೆ ಸ್ನಾನಕ್ಕೆ ಯಾರಾದರೂ ಜೊತೆಗಿರಲಿ.

ಆ ಮಾತಿಗೆ ಅತ್ತೆಯ ಉತ್ತರ ಬಂದದ್ದು ಮನೆಗೆ ಬಂದ ಮೇಲೆ. ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಾ ಹೇಳಿದರು. "ಬಚ್ಚಲಿಗೆ ನೀವು ಏನಾರ ಹಾಕಿಸ್ರಿ. ಆದ್ರೆ ನನ್ನ ಸ್ನಾನ ನಾನು ಮಾಡ್ಕಂಡು, ನಾನಾಗೇ ಎದ್ದು ಪೂಜೆಗೆ ಬರಂಗಿರಬೇಕು. ಯಾರಾರ ಹಿಡ್ಕಂಡು ಎಬ್ಬಿಸಿದ್ರೆ ಅದು ಸ್ನಾನ ಅಲ್ಲ, ಪಾತ್ರೆ ತೊಳ್ದಂಗೆ."

ಕೆಲಸ ನಡೆದಷ್ಟು ದಿನ ನಮ್ಮ ಕೋಣೆಯ ಬಚ್ಚಲಿನಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವರ ಸ್ನಾನ. ಸ್ಟೂಲು ಜಾರುತ್ತದೆಂಬ ಹೆದರಿಕೆಗೆ ನಾಲ್ಕೇ ಚೊಂಬು. ಕೆಲವು ದಿನ ಮೂರು. ಆಮೇಲೆ ಬಾಗಿಲ ಹೊರಗೆ ನಾನು ನಿಂತಿದ್ದೇನೋ ಇಲ್ಲವೋ ಎಂದು ಒಂದು ಕೆಮ್ಮು. ಏಳುವಾಗ ಕರೆಯುತ್ತಿದ್ದರು, ನಾನು ಎಬ್ಬಿಸುತ್ತಿದ್ದೆ. ಅವರು ಮತ್ತೆ ನೀರು ಹಾಕಿಕೊಳ್ಳುತ್ತೇನೆ ಎನ್ನುವುದನ್ನೂ ಬಿಟ್ಟರು. ಅದು ನನಗೆ ಸಂಕಟವಾಯಿತು. ಹಠ ಮಾಡುವ ಅತ್ತೆಯ ಜೊತೆ ಬಾಳಿ ಗೊತ್ತಿತ್ತು, ಹಠ ಬಿಟ್ಟ ಅತ್ತೆ ಹೊಸಬರು.

ಇಷ್ಟರ ನಡುವೆ ಮನೆಯಲ್ಲಿ ಬಚ್ಚಲಿನದೇ ಮಾತು. ಮಗಳು ವಾರಕ್ಕೆ ಮೂರು ದಿನ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಾಳೆ. ಮೀಟಿಂಗ್ ಮುಗಿದದ್ದೇ ಫೋನಿನಲ್ಲಿ ಫೋಟೋ ಹಿಡಿದುಕೊಂಡು ಬರುತ್ತಿದ್ದಳು. ಗಾಜಿನ ಪಾರ್ಟಿಷನ್, ಮಳೆ ಬಂದಂತೆ ಸುರಿಯುವ ಷವರ್, ಮೂಲೆಯಲ್ಲಿ ಗಿಡ.

"ನೋಡಜ್ಜಿ, ಎಷ್ಟು ಕ್ಯೂಟಾಗಿದೆ!"

ಅತ್ತೆ ಕನ್ನಡಕ ಏರಿಸಿ ನೋಡಿದರು. "ಗಾಜಿನೊಳಗೆ ನಿಂತು ಸ್ನಾನ ಮಾಡಕ್ಕೆ ನಾನೇನು ಮೀನೇನೇ? ಗಿಡ ಯಾಕೆ ಅಲ್ಲಿ? ಬಚ್ಚಲಾಗೆ ಯಾರು ಹೂ ಕೀಳ್ತಾರೆ?"

ನಮ್ಮವರಿಗೆ ಬೇಕಾದದ್ದು ಬಿಳಿ ಟೈಲ್ಸ್, ಬಿಳಿ ಗೋಡೆ, ಬಿಳಿ ಬೇಸಿನ್. "ಕೊಳೆ ಇದ್ರೆ ಕಾಣ್ಬೇಕು" ಎಂಬುದು ಅವರ ವಾದ. "ಕಂಡ ಕೊಳೆ ಉಜ್ಜೋರು ಯಾರು?" ಎಂಬುದು ನನ್ನದು. ನನಗೆ ತಿಳಿನೀಲಿ ಇಷ್ಟ. ಮಗಳಿಗೆ ಮಂಕಾದ ಬೂದು ಬಣ್ಣ. ಅದನ್ನು ಕೇಳಿದರೇ ನಮ್ಮವರಿಗೆ ಸಿಟ್ಟು. "ಗೋಡೌನ್ ಥರ ಇರುತ್ತೆ ಕಣೇ ಅದು!"

ಈ ಜಗಳ ತೀರಿದ್ದು ಮಾರತ್ತಹಳ್ಳಿಯ ಟೈಲ್ಸ್ ಅಂಗಡಿಯಲ್ಲಿ. ಒಂದು ಶನಿವಾರ ನಾಲ್ವರೂ ಆಟೋ ಹಿಡಿದು ಹೋದೆವು. ಜಂಕ್ಷನ್ ದಾಟಲು ಅರ್ಧ ಗಂಟೆ ಬೇಕಾಯಿತು. ಆ ಅರ್ಧ ಗಂಟೆಯೂ ಬಿಳಿಯೋ ಬೂದೋ ಎಂದು ಅಪ್ಪ ಮಗಳು ವಾದ ಮಾಡಿದರು. ಕೊನೆಗೆ ಆಟೋದವನೇ, "ಸಾರ್, ನಮ್ಮನೇಲಿ ಕೆಂಪು ಹಾಕ್ಸಿದೀವಿ, ಸಕ್ಕತ್ತಾಗಿದೆ" ಎಂದು ಮೂರನೆಯ ಪಕ್ಷ ಕಟ್ಟಿದ.

ಅಂಗಡಿಯಲ್ಲಿ ಅತ್ತೆ ಯಾರ ಮಾತೂ ಕೇಳಲಿಲ್ಲ. ಚಪ್ಪಲಿ ಬಿಟ್ಟು, ಕೆಳಗೆ ಜೋಡಿಸಿದ್ದ ಟೈಲ್ಸುಗಳ ಮೇಲೆ ಒಂದೊಂದಾಗಿ ನಿಂತು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು. "ಇದರ ಮೇಲೆ ನೀರು ಹಾಕಪ್ಪಾ" ಅಂದರು. ಅಂಗಡಿಯವನು ತನ್ನ ಕುಡಿಯುವ ನೀರಿನ ಬಾಟಲಿಯನ್ನೇ ಬಗ್ಗಿಸಿದ. ಬಿಳಿಯದು ಜಾರಿತು. ನನ್ನ ನೀಲಿಯೂ ಜಾರಿತು. ಮಂಕು ಬೂದು ಬಣ್ಣದ್ದು ಮಾತ್ರ ಕಾಲು ಹಿಡಿದುಕೊಂಡಿತು. ಅತ್ತೆ ಅದರ ಮೇಲೆಯೇ ನಿಂತು ಬಗ್ಗಿ ನೋಡಿದರು.

"ಇದು ವಿಭೂತಿ ಬಣ್ಣ ಅಲ್ಲೇನೋ?"

ಮಗಳು ಅಪ್ಪನ ಕಡೆ ತಿರುಗಿದಳು. "ವಿಭೂತಿ ಬಣ್ಣ ಅಂತೆ ಅಪ್ಪಾ. ಗೋಡೌನ್ ಅಂತಿದ್ರಲ್ಲ? ಈಗ ಹೇಳಿ ನೋಡೋಣ."

ನಮ್ಮವರು ಹಣೆ ಒರೆಸಿಕೊಂಡು, "ನಾನೇನ್ ಬೇಡ ಅಂದ್ನಾ?" ಅಂದರು. ನೆಲಕ್ಕೆ ಅದೇ ಆಯಿತು. ಗೋಡೆಗೆ ನನ್ನ ತಿಳಿನೀಲಿ, ಬೇಸಿನ್ ಅವರ ಬಿಳಿ. ಮಗಳ ಗಿಡಕ್ಕೆ ಕಿಟಕಿಯಲ್ಲಿ ಜಾಗ ಸಿಕ್ಕಿತು. ವಾಪಸು ಬರುವಾಗ ಎಲ್ಲರೂ ಗೆದ್ದವರ ಹಾಗೆ ಕಬ್ಬಿನ ಹಾಲು ಕುಡಿದೆವು.

ಕೆಲಸಕ್ಕೆ ಬಂದದ್ದು ಹೊಸಕೋಟೆ ಕಡೆಯ ಒಬ್ಬ ಮೇಸ್ತ್ರಿ. ಮಾತು ಕಮ್ಮಿ, ಎಲೆ ಅಡಿಕೆ ಜಾಸ್ತಿ. ನಮ್ಮವರು ಮೂವತ್ತು ವರ್ಷ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇದ್ದವರು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸುವವರಲ್ಲ. ಗ್ರಾಫ್ ಹಾಳೆಯಲ್ಲಿ ಬಚ್ಚಲಿನ ನಕ್ಷೆ ಬರೆದು ಫ್ರಿಜ್ಜಿಗೆ ಅಂಟಿಸಿದ್ದರು. ಮಣೆಯ ಬದಲು ಕೂರಲು ಒಂದು ಕಟ್ಟೆ. ಅದರ ಎತ್ತರ, ಅಗಲ, ನಲ್ಲಿ ಎಲ್ಲಿ, ಬಕೆಟ್ಟು ಎಲ್ಲಿ, ಎಲ್ಲವೂ ಮಿಲಿಮೀಟರಿನಲ್ಲಿ. ಏಳುವಾಗ ಹಿಡಿದುಕೊಳ್ಳಲು ಗೋಡೆಗೆ ಸ್ಟೀಲಿನ ಹಿಡಿ. ಕೆಟ್ಟಿರುವುದು ಎಡ ಮಂಡಿಯಾದ್ದರಿಂದ ಹಿಡಿಯೂ ಎಡಗಡೆಗೇ ಎಂದು ಅವರು ಲೆಕ್ಕ ಹಾಕಿದ್ದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದರು, ಅಂಗಡಿಯವನನ್ನು ಕೇಳಿದ್ದರು, ತಾವೇ ಕುರ್ಚಿಯಲ್ಲಿ ಕೂತು ಎದ್ದು ನೋಡಿದ್ದರು. ನಾವು ಕೇಳದೆ ಉಳಿದದ್ದು ಒಬ್ಬರನ್ನೇ.

ಕಟ್ಟೆ ಎದ್ದಿತು, ಟೈಲ್ಸ್ ಕೂತಿತು. ಹಿಡಿ ಹಾಕುವ ದಿನ ಮೇಸ್ತ್ರಿ ಎಡಗಡೆ ಗೋಡೆಗೆ ಎರಡು ತೂತು ಕೊರೆದು, ಅಷ್ಟಕ್ಕೇ ನಿಲ್ಲಿಸಿ ತಲೆ ಕೆರೆದುಕೊಂಡ.

"ಅಕ್ಕಾ, ಅಜ್ಜಿ ಎಂಗೆ ಕೂತ್ಕಂತಾರೆ, ಎಂಗೆ ಏಳ್ತಾರೆ ಅಂತ ಒಂದ್ಕಿತ ನೋಡ್ಬೇಕಿತ್ತು. ಕೈ ಎಲ್ಲಿಗೆ ಬತ್ತದೆ ಅಂತ."

"ಡ್ರಾಯಿಂಗಲ್ಲಿ ಇದೆಯಲ್ಲಪ್ಪ" ಅಂದರು ನಮ್ಮವರು.

"ಡ್ರಾಯಿಂಗ್ ಸ್ನಾನ ಮಾಡ್ತದಾ ಸಾರ್?"

ಅತ್ತೆಯನ್ನು ಕೇಳಲು ನನಗೇ ನಾಚಿಕೆ. ಆದರೆ ಅವರು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಚೊಂಬು ಹಿಡಿದುಕೊಂಡು ತಾವೇ ಬಂದರು. ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಹೊಸ ಕಟ್ಟೆಯ ಮೇಲೆ ಕೂತು, "ಬಕೆಟ್ಟು ಇಡು" ಅಂದರು. ಖಾಲಿ ಬಕೆಟ್ಟು ಇಟ್ಟೆ. ಮೇಸ್ತ್ರಿ ಪೆನ್ಸಿಲ್ ಹಿಡಿದು ಬಾಗಿಲಲ್ಲಿ ನಿಂತ. ನಮ್ಮವರು ಟೇಪು ಹಿಡಿದು ಅವನ ಹಿಂದೆ. ಮಗಳು ಮೀಟಿಂಗಿನ ಮಧ್ಯೆ ಎದ್ದು ಬಂದು, ಕಿವಿಗೆ ಹಾಕಿಕೊಂಡದ್ದನ್ನು ತೆಗೆದು ನಿಂತಳು.

ಅತ್ತೆ ಬಕೆಟ್ಟಿಗೆ ಚೊಂಬು ಅದ್ದಿದರು, ಎತ್ತಿದರು, ಬಲ ಭುಜಕ್ಕೆ ಸುರಿದುಕೊಂಡರು. ಮತ್ತೊಂದು ಎಡ ಭುಜಕ್ಕೆ. ಒಂದು ಹನಿ ನೀರಿಲ್ಲ, ಆದರೂ ಕಣ್ಣು ಮುಚ್ಚಿಕೊಂಡಿದ್ದರು. ಮಗಳು ಕಿಸಕ್ಕನೆ ನಕ್ಕಳು.

"ನೀರು ಕಣ್ಣಿಗೆ ಬೀಳ್ತೈತೆ, ಸುಮ್ಕಿರೇ" ಅಂದರು ಅತ್ತೆ, ಕಣ್ಣು ಬಿಡದೆ.

ಮೇಸ್ತ್ರಿ ಗಂಭೀರವಾಗಿ, "ಸೋಪು ಆಯ್ತಾ ಅಜ್ಜಿ?" ಅಂದ.

"ತಡಿ. ಬೆನ್ನು ಬಾಕಿ ಐತೆ."

ಬೆನ್ನೂ ಮುಗಿಯಿತು. ಚೊಂಬನ್ನು ಪಕ್ಕಕ್ಕಿಟ್ಟು ಏಳಲು ಹೊರಟರು. ಬಲಗೈ ಬಲಗಡೆಯ ಗೋಡೆಯನ್ನು ತಡಕಾಡಿತು. ಅಲ್ಲಿ ಏನೂ ಇಲ್ಲ.

"ಅವ್ವಾ, ಆ ಕಡೆ ಅಲ್ಲ" ಅಂದರು ನಮ್ಮವರು. "ಎಡಗೈ, ಎಡಗೈಲಿ ಹಿಡ್ಕೋಬೇಕು. ಹಿಡಿ ಈ ಕಡೆ ಬರುತ್ತೆ."

ಅತ್ತೆ ಕಣ್ಣು ಬಿಟ್ಟು ಮಗನನ್ನು ನೋಡಿದರು. "ಎಡಗೈ ಹೆಂಗೆ ಬಿಡ್ಲೋ? ಅದ್ರಾಗೆ ಲಿಂಗ ಐತಲ್ಲ."

ಆಗ ನೋಡಿದೆವು. ಮೊದಲ ಚೊಂಬಿನಿಂದ ಇಲ್ಲಿಯವರೆಗೆ ಅವರ ಎಡಗೈ ಎದೆ ಬಿಟ್ಟು ಕದಲಿರಲಿಲ್ಲ. ಕರಡಿಗೆಯನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದಿದ್ದರು, ಸೋಪಿನ ನೀರು ತಾಗದ ಹಾಗೆ. ನೆನಪಿರುವಾಗಿನಿಂದ ಹೀಗೆಯೇ ಅಂತೆ. ಒಂದೇ ಕೈಯಲ್ಲಿ ಸೋಪು, ಒಂದೇ ಕೈಯಲ್ಲಿ ಚೊಂಬು, ಒಂದೇ ಕೈಯಲ್ಲಿ ಏಳುವುದು. ಹೆತ್ತ ಮಗನಿಗೂ ಗೊತ್ತಿಲ್ಲ, ಇಪ್ಪತ್ತಾರು ವರ್ಷ ಹೊರಗೆ ನಿಂತು ಚೊಂಬು ಎಣಿಸಿದ ನನಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ, ನಡುವೆ ಚಿಲಕ ಹಾಕಿದ ಬಾಗಿಲಿತ್ತು. ಎಬ್ಬಿಸಲು ಒಳಗೆ ಹೋದಾಗಲೂ ನನ್ನ ಕಣ್ಣು ಅವರ ಮಂಡಿಯ ಮೇಲೇ ಇರುತ್ತಿತ್ತು. ಅವತ್ತು ನಲ್ಲಿ ಕಿತ್ತಾಗ ಅವರು ಎದೆ ಹಿಡಿದುಕೊಂಡದ್ದು ಗಾಬರಿಗೆ ಅಲ್ಲ. ಕಿತ್ತು ಬಂದ ನಲ್ಲಿ ಬಲಗಡೆಯದೆಂಬುದು ನಮ್ಮೆಲ್ಲರ ಕಣ್ಣೆದುರಿಗೇ ಇತ್ತು, ನಕ್ಷೆ ಬರೆಯುವಾಗ ಒಬ್ಬರಿಗೂ ಹೊಳೆದಿರಲಿಲ್ಲ.

ನಮ್ಮವರು ಹೋಗಿ ಫ್ರಿಜ್ಜಿನಿಂದ ಗ್ರಾಫ್ ಹಾಳೆ ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡರು. ಮೇಸ್ತ್ರಿ ಅತ್ತೆಯ ಬಲಗೈ ಗೋಡೆಗೆ ತಾಗಿದ ಜಾಗದಲ್ಲಿ ಪೆನ್ಸಿಲ್ ಗೆರೆ ಎಳೆದ. "ಇನ್ನೊಂದ್ಕಿತ ಸ್ನಾನ ಮಾಡಿ ಅಜ್ಜಿ" ಅಂದ. ಅತ್ತೆ ಮತ್ತೊಮ್ಮೆ ಒಣ ಸ್ನಾನ ಮಾಡಿದರು. ಮೂರನೆಯ ಸಲಕ್ಕೆ ಮಗಳೇ ಪಕ್ಕದಲ್ಲಿ ಕೂತು ಇಲ್ಲದ ನೀರಿನಿಂದ ಅಜ್ಜಿಯ ಬೆನ್ನು ತಿಕ್ಕಿದಳು. ಗೆರೆ ನಮ್ಮವರ ಲೆಕ್ಕಕ್ಕಿಂತ ಒಂದು ಗೇಣು ಕೆಳಗೆ ಬಂತು.

"ಎಡಗಡೆ ತೂತು ಏನ್ ಮಾಡೋದು?" ಎಂದು ನಮ್ಮವರು ಸಪ್ಪೆ ಮುಖದಲ್ಲಿ ಕೇಳಿದರು.

"ಟವಲ್ ಹಾಕಕ್ಕೆ ಆಯ್ತದೆ ಬಿಡಿ ಸಾರ್" ಎಂದ ಮೇಸ್ತ್ರಿ ಎರಡು ಕೊಕ್ಕೆ ಸಿಕ್ಕಿಸಿದ. ಬಲಗಡೆಗೆ ಹಿಡಿ ಕೂರಿಸಿ, ತಾನೇ ಅದಕ್ಕೆ ಜೋತುಬಿದ್ದು ತೋರಿಸಿದ. ಅದು ಅಲ್ಲಾಡಲಿಲ್ಲ.

ಸಿಮೆಂಟು ಒಣಗಲೆಂದು ಎರಡು ದಿನ ಕಾದೆವು. ಮೂರನೆಯ ದಿನ ಸೋಮವಾರ. ಆರು ಗಂಟೆಗೆ ಚಿಲಕ ಬಿತ್ತು. ಅವತ್ತು ಮಂಡಕ್ಕಿ ಒಗ್ಗರಣೆ ಮಾಡಬೇಕಿತ್ತು. ಮಂಡಕ್ಕಿ ನೆನೆಹಾಕಿ ಹಿಂಡುವುದನ್ನು ಮರೆತು ನಿಂತಿದ್ದೆ. ನಮ್ಮವರು ಪೇಪರು ಹಿಡಿದು ಬಚ್ಚಲಿನ ಪಕ್ಕದಲ್ಲೇ ನಿಂತಿದ್ದರು, ಪುಟ ತಿರುಗಿಸುತ್ತಿರಲಿಲ್ಲ. ಎಂಟಕ್ಕೆ ಮುಂಚೆ ಏಳದ ಮಗಳು ಎದ್ದು ಬಂದು ಗೋಡೆಗೆ ಒರಗಿ ಕೂತಿದ್ದಳು.

ನಾಲ್ಕು ಚೊಂಬು. ಸ್ವಲ್ಪ ಹೊತ್ತು ಏನೂ ಇಲ್ಲ. ನಮ್ಮವರು ನನ್ನ ಮುಖ ನೋಡಿದರು. ಐದನೆಯದು ಬಿತ್ತು. ಆಮೇಲೆ ನಿಲ್ಲಲೇ ಇಲ್ಲ. ಹತ್ತು, ಹದಿನಾಲ್ಕು, ತಲೆಗೆ ಹಾಕಿಕೊಳ್ಳುವ ದಿನದ ಇಪ್ಪತ್ತು. ಇಪ್ಪತ್ತನಾಲ್ಕರವರೆಗೆ ಎಣಿಸಿದೆ. ಆಮೇಲೆ ಗೀಸರಿನ ನೀರು ಮುಗಿಯಿತೇನೋ, ಚೊಂಬು ನೆಲಕ್ಕಿಟ್ಟ ಸದ್ದು ಖಣ್ ಎಂದಿತು. ಬಳೆ ಸ್ಟೀಲಿಗೆ ತಾಗಿದ ಸಣ್ಣ ಸದ್ದು. ಒಂದು "ಶಿವಾ". ಕೆಮ್ಮು ಬರಲಿಲ್ಲ, ಯಾರನ್ನೂ ಕರೆಯಲಿಲ್ಲ.

ಚಿಲಕ ತೆಗೆದು ಅತ್ತೆ ಹೊರಗೆ ಬಂದರು. ಒಗೆದ ಸೀರೆ, ತಲೆಗೆ ಸುತ್ತಿದ ಟವಲು, ಎದೆಯ ಮೇಲೆ ಎಡಗೈ. ಕಣ್ಣೀರು ಒರೆಸಿಕೊಳ್ಳುತ್ತಾ ನಮ್ಮವರು ಒಂದು ಹೆಜ್ಜೆ ಮುಂದಿಟ್ಟರು.

"ದೂರ ದೂರ! ಮುಟ್ಟೀಯೋ!" ಅತ್ತೆಯ ದನಿ ಮೂರನೇ ಮಹಡಿಗೂ ಕೇಳಿಸಿರಬೇಕು. "ಮುಟ್ಟಿದ್ರೆ ಇನ್ನೊಂದು ಸಲ ಹೋಗ್ತೀನಿ ನೋಡು. ಹೋಗಕ್ಕೆ ನನಗೇನೂ ಬೇಜಾರಿಲ್ಲ ಈಗ."

ನಾವು ಮೂವರೂ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟೆವು.