ಕ್ಲೋಯಿಯ ಕಾಲುಂಗುರ

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಕನ್ನಡದವರು ಮಡಿವಾಳಪ್ಪನವರನ್ನು ಎರಡು ಕಾರಣಕ್ಕೆ ಗುರುತಿಸುತ್ತಾರೆ. ಒಂದು, ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಇನ್ನೊಂದು, ಯಾರ ಮನೆಗೆ ಊಟಕ್ಕೆ ಹೋದರೂ ಸಾರು ಬಡಿಸುವಷ್ಟರಲ್ಲಿ ಅವರ ಮಾತು ಜೂಲ್ ಲೆಫೆವ್ರ್ ಎಂಬ ಫ್ರೆಂಚ್ ಚಿತ್ರಕಾರನ ಕಡೆಗೆ ತಿರುಗಿರುತ್ತದೆ. ಸತ್ತು ನೂರು ವರ್ಷ ದಾಟಿದ ಆ ಮನುಷ್ಯನನ್ನು ನಮ್ಮ ಮನೆಯ ಊಟದಲ್ಲೂ ನಾನು ಸಹಿಸಿಕೊಂಡಿದ್ದೇನೆ. ನಾನು ಪಕ್ಕದ ಮನೆಯವಳು, ಸಂಯುಕ್ತಾ, ವೆಸ್ಟ್‌ಮೀಡ್‌ನಲ್ಲಿ ಫಿಸಿಯೋಥೆರಪಿಸ್ಟ್. ಬೇಲಿಯಾಚೆಯ ಮಾತು ಬೇಡವೆಂದರೂ ನನ್ನ ಕಿವಿಗೆ ಬೀಳುತ್ತದೆ.

ಮಡಿವಾಳಪ್ಪನವರು ಹುಬ್ಬಳ್ಳಿಯವರು. ಶಾಲೆಯಲ್ಲಿದ್ದಾಗಲೇ ಡ್ರಾಯಿಂಗ್ ಹೈಯರ್ ಗ್ರೇಡ್ ಪಾಸು ಮಾಡಿದ್ದರು. ಆಮೇಲೆ ಎಂಜಿನಿಯರಿಂಗ್, ಸಿಡ್ನಿಯಲ್ಲಿ ಮಾಸ್ಟರ್ಸ್, ಪಿಆರ್, ಮಾರ್ಟ್‌ಗೇಜ್, ನಾರ್ವೆಸ್ಟ್‌ನಲ್ಲಿ ಇನ್ಶೂರೆನ್ಸ್ ಕಂಪನಿಯೊಂದರ ಡೇಟಾಬೇಸ್ ಕೆಲಸ. ಎಲ್ಲರೂ ನಡೆದ ದಾರಿಯೇ. ದಾರಿ ತಪ್ಪಿದ್ದು ಮೆಲ್ಬರ್ನಿನಲ್ಲಿ. ಆಫೀಸಿನ ಟ್ರೇನಿಂಗಿಗೆ ಹೋಗಿದ್ದಾಗ ಜೊತೆಯವರು ಅವರನ್ನು ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಎದುರಿನ ಹಳೆಯ ಹೋಟೆಲಿಗೆ ಕರೆದುಕೊಂಡು ಹೋದರು. ಮಹಡಿಯ ಬಾರಿನ ಗೋಡೆಯ ಮೇಲೆ ಆಳೆತ್ತರದ ಚಿತ್ರ. ನೀರಿನ ಪಕ್ಕ ಮುಖ ಹೊರಳಿಸಿ ನಿಂತ ಹುಡುಗಿ, ಮೈಮೇಲೆ ಒಂದು ನೂಲೆಳೆಯಿಲ್ಲ. ಹೆಸರು ಕ್ಲೋಯಿ. ಉಳಿದವರು ಬಿಯರ್ ಹಿಡಿದು ಕೂತರೆ ಇವರು ನಿಂಬೆಹಣ್ಣಿನ ಪಾನಕ ಹಿಡಿದು ಚಿತ್ರದ ಮುಂದೆ ನಿಂತರು. ಬ್ರಷ್ ಓಡಿದ ಗುರುತಿಗಾಗಿ ಹುಡುಕಿದರು, ಸಿಗಲಿಲ್ಲ. ಇದನ್ನು ಬರೆದವರು ಯಾರೆಂದು ಕೇಳಿದರೆ ಜೊತೆಯವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ಇವರು ಲೆಫೆವ್ರನ ಬೆನ್ನು ಹತ್ತಿದರು. ಅವನೇನು ಸಾಮಾನ್ಯ ಆಳಲ್ಲ. ತಾರುಣ್ಯದಲ್ಲೇ ಫ್ರಾನ್ಸಿನ ದೊಡ್ಡ ಬಹುಮಾನ ಗೆದ್ದು ರೋಮಿಗೆ ಹೋದವನು. ಕ್ಲೋಯಿಗೆ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಬಂದಿತ್ತು. ಅವನ ಬಳಿ ಕಲಿಯಲು ದೇಶದೇಶಗಳಿಂದ ಹುಡುಗರು ಬರುತ್ತಿದ್ದರು. ಅಷ್ಟರಲ್ಲಿ ಬಣ್ಣವನ್ನು ಎದ್ದು ಕಾಣುವಂತೆ ಬಳಿಯುವ ಹೊಸಬರು ಬಂದರು. ಇವನ ನುಣುಪು ಹಳೇ ಕಾಲದ್ದಾಯಿತು. ಮೆಲ್ಬರ್ನಿಗೆ ಬಂದ ಕ್ಲೋಯಿಯನ್ನು ಗ್ಯಾಲರಿಯಲ್ಲಿ ತೂಗುಹಾಕಿದಾಗ, ಭಾನುವಾರ ಬೆತ್ತಲೆ ಚಿತ್ರ ತೋರಿಸುವುದೇ ಎಂದು ಊರು ರಂಪ ಮಾಡಿತು. ಚಿತ್ರ ಅಲ್ಲಿಂದ ಹೊರಬಿದ್ದು ಕೊನೆಗೆ ಹೋಟೆಲಿನ ಗೋಡೆ ಸೇರಿತು.

"ಒಬ್ಬ ಮನುಷ್ಯಾಗ ಎಲ್ಲಾ ಕೊಟ್ಟು, ಹೆಸರೊಂದ ಯಾಕ ಕಸ್ಕೊಂಡ್ರು ಅಂತೀನಿ?" ಎಂದು ಮಡಿವಾಳಪ್ಪನವರು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು. ಕೈಯಾರೆ ಬರೆದು ನೋಡಿದರೆ ತಿಳಿದೀತು ಎಂದುಕೊಂಡು ಗ್ಯಾರೇಜಿನಲ್ಲಿ ಕ್ಲೋಯಿಯ ನಕಲು ಶುರು ಮಾಡಿದರು. ವರ್ಷಗಟ್ಟಲೆ ಬರೆದರು. ಎಲ್ಲವೂ ಆಯಿತು, ಪಾದಗಳು ಮಾತ್ರ ಕೈಗೆ ಹತ್ತಲಿಲ್ಲ. ಆಗ ಹೆಂಡತಿ ಬಸಕ್ಕನನ್ನು ಕರೆದು ನಿಲ್ಲಿಸಿದರು. ಬಸಕ್ಕ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು, ಅಡುಗೆಮನೆಯ ಕುಕ್ಕರಿನ ಕಡೆ ಕಿವಿಯಿಟ್ಟು ಬರಿಗಾಲಲ್ಲಿ ನಿಂತರು.

"ಕಾಲುಂಗುರ ತೆಗಿ. ಸ್ವಲ್ಪ ಹೊತ್ತು ಅಷ್ಟ," ಅಂದರು ಮಡಿವಾಳಪ್ಪನವರು.

"ಗಂಡ ಕಣ್ಮುಂದ ಕುಂತಾನ, ಕಾಲುಂಗುರ ತೆಗೀಲೇನು? ಏನ್ ಮಾತಾಡಾಕತ್ತೀರಿ, ಎಚ್ಚರ ಅದನೋ ಇಲ್ಲೋ?"

ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬರೆಯಬೇಕು ಎಂಬುದು ಲೆಫೆವ್ರನ ಪಾಠ. ಇವರು ಕಾಲುಂಗುರ ಸಮೇತ ಬರೆದರು, ಆಮೇಲೆ ಅಳಿಸಿದರಾಯಿತು ಎಂದುಕೊಂಡು. ಇಡೀ ಚಿತ್ರದಲ್ಲಿ ಆ ಬೆಳ್ಳಿಯ ಸುತ್ತುಗಳೇ ಎಲ್ಲಕ್ಕಿಂತ ಚೆನ್ನಾಗಿ ಬಂದವು. ಅಳಿಸಲು ಮನಸ್ಸು ಬರಲಿಲ್ಲ.

ನಮ್ಮ ಸಬರ್ಬಿನ ಹವ್ಯಾಸಿ ಚಿತ್ರಕಾರರ ಪ್ರದರ್ಶನಕ್ಕೆ ಆ ಚಿತ್ರ ಹೋಯಿತು. ಶನಿವಾರ ನಾವೆಲ್ಲ ನೋಡಲು ಹೋದೆವು. ಹೆಂಗಸರು ಅರ್ಧ ಕಣ್ಣಲ್ಲಿ ನೋಡಿದರು, ಗಂಡಸರು ಫ್ರೇಮನ್ನು ಹೊಗಳಿದರು. ಎದುರು ಬೀದಿಯ ಅರುಂಧತಿ ಬಗ್ಗಿ ನೋಡಿದಳು.

"ಓ ಮೈ ಗಾಡ್, ಇದು ಬಸಕ್ಕ ಆಂಟಿ ಕಾಲಲ್ವಾ?"

ಅಲ್ಲ ಎನ್ನುವಂತಿರಲಿಲ್ಲ. ನಮ್ಮ ಬಳಗದಲ್ಲಿ ಬಸಕ್ಕನೇ ಹಿರಿಯ ಮುತ್ತೈದೆ. ಹಬ್ಬ, ನಾಮಕರಣ, ಗೃಹಪ್ರವೇಶ ಯಾವುದಿದ್ದರೂ ಮೊದಲ ಆರತಿ ಅವರದು. ನಾವೆಲ್ಲ ಬಗ್ಗಿ ಮುಟ್ಟಿದ ಪಾದ ಅದು. ಸೊಟ್ಟಗಿರುವ ಕಿರುಬೆರಳು, ಸವೆದ ಕಾಲುಂಗುರ, ಎಲ್ಲ ನಮಗೆ ಬಾಯಿಪಾಠ. ಸಂಜೆಯೊಳಗೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಚಿತ್ರದ ಪಾದ, ಬಸಕ್ಕನ ಪಾದ ಎರಡೂ ಪಕ್ಕಪಕ್ಕ ಬಂದವು. ಕಾಲು ಇವರದಾದರೆ ಮೈ ಯಾರದು ಎಂದು ಒಬ್ಬಳು ಕೇಳಿ ನಗುವ ಮುಖ ಹಾಕಿದ್ದಳು. ನನಗೆ ಮೈಯೆಲ್ಲ ಉರಿಯಿತು. ಬರುವ ವಾರ ಅರುಂಧತಿಯ ತಂಗಿ ನಿಹಾರಿಕಾಳ ಸೀಮಂತವಿತ್ತು. ಬಸಕ್ಕನಿಗೆ ಅರುಂಧತಿಯಿಂದ ಬೇರೆಯಾಗಿ ಒಂದು ಮೆಸೇಜ್ ಬಂತು: "ಆಂಟಿ, ನೀವು ರೆಸ್ಟ್ ತಗೊಳ್ಳಿ. ಆರತಿ ಈ ಸಲ ಬೇರೆಯವರು ಮಾಡ್ತಾರೆ."

ಭಾನುವಾರ ಬೆಳಿಗ್ಗೆ ಮಡಿವಾಳಪ್ಪನವರು ಬಣ್ಣದ ಪೆಟ್ಟಿಗೆ ಹಿಡಿದು ನನ್ನ ಬಾಗಿಲಿಗೆ ಬಂದರು. ಜನ ಬರುವ ಮೊದಲೇ ಕಾಲುಂಗುರ ಅಳಿಸಿಬಿಡಬೇಕು, ಪ್ರದರ್ಶನದ ಹಾಲ್‌ಗೆ ಬಿಡುತ್ತೀಯಾ ಎಂದು ಕೇಳಿದರು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ. ನಾನು ಕೀಲಿ ತರುವಷ್ಟರಲ್ಲಿ ಬಸಕ್ಕ ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದರು.

ಹಾಲ್‌ನಲ್ಲಿ ಮಡಿವಾಳಪ್ಪನವರು ಚಿತ್ರದ ಮುಂದೆ ಮೊಣಕಾಲೂರಿ ಬ್ರಷ್ಷಿಗೆ ಚರ್ಮದ ಬಣ್ಣ ತೆಗೆದುಕೊಂಡರು.

"ನಾ ತೆಗಿಯಂಗಿಲ್ಲ ಅಂದದ್ದನ್ನ ನೀವು ಕೈಯಾರೆ ತೆಗಿತೀರೇನ್ರಿ?" ಬಸಕ್ಕ ಕೇಳಿದರು.

ಬ್ರಷ್ ಅಲ್ಲೇ ನಿಂತಿತು. ನಾನೂ ಅದನ್ನು ಯೋಚಿಸಿರಲಿಲ್ಲ. ಮುತ್ತೈದೆಯ ಕಾಲುಂಗುರವನ್ನು ಬದುಕಿರುವ ಗಂಡನೇ ಒರೆಸಿಹಾಕಲು ಹೊರಟಿದ್ದ.

"ಮತ್ತೇನ್ ಮಾಡ್ಲಿ? ಹಂಗ ಬಿಟ್ರ ಮಂದಿ ಇಡೀ ಮೈ ನಿಂದ ಅಂತಾರ," ಅಂದರು ಮಡಿವಾಳಪ್ಪನವರು.

ಬಸಕ್ಕ ತಲೆಯೆತ್ತಿ ಚಿತ್ರವನ್ನು ಪೂರ್ತಿ ನೋಡಿದರು. ಇಷ್ಟು ವರ್ಷ ಗ್ಯಾರೇಜಿನಲ್ಲಿ ಅದರ ಪಕ್ಕವೇ ಬಟ್ಟೆ ಒಗೆದವರು, ಸರಿಯಾಗಿ ನೋಡಿದ್ದು ಅದೇ ಮೊದಲು.

"ಆವತ್ತು ನಿಮ್ಮ ಫ್ರೆಂಚ್ ಸಾಹೇಬನ ಮುಂದ ನಿಂತಾಕಿ ಹೆಸರೇನು?"

"ಕ್ಲೋಯಿ."

"ಅದು ಚಿತ್ರದ ಹೆಸರಾತು. ಹುಡುಗಿ ಹೆಸರು?"

ಲೆಫೆವ್ರನ ಪದಕಗಳನ್ನೆಲ್ಲ ಇಸವಿ ಸಮೇತ ಹೇಳುವ ಮನುಷ್ಯ ತಡವರಿಸಿದರು. "ಮರೀ ಅಂತಾರ. ಖಾತ್ರಿ ಯಾರಿಗೂ ಇಲ್ಲ."

"ನಿಮ್ಮ ಸಾಹೇಬ್ರು ಬರದಿಡ್ಲಿಲ್ಲೇನು?"

"ಇಲ್ಲ."

"ಪದಕ ಅಂವಗ, ಮಂದಿ ಬಾಯಿ ಆಕಿಗೆ," ಅಂದರು ಬಸಕ್ಕ.

ಪ್ರತಿ ಚಿತ್ರದ ಕೆಳಗೂ ಬರೆದವರ ಹೆಸರಿನ ಚಿಕ್ಕ ಕಾರ್ಡಿತ್ತು. ಬಸಕ್ಕ ಬಾಗಿಲ ಬಳಿಯ ಮೇಜಿನಿಂದ ಪೆನ್ನು ತಂದರು. ಗಂಡನ ಹೆಸರಿನ ಮೇಲೆ, ಉಳಿದಿದ್ದ ಜಾಗದಲ್ಲಿ, ಕನ್ನಡದಲ್ಲಿ ದಪ್ಪಗೆ ಬರೆದರು: ಕಾಲು, ಬಸಕ್ಕನವು.

ಅಷ್ಟೊತ್ತಿಗೆ ಜನ ಬರತೊಡಗಿದ್ದರು. ಅರುಂಧತಿಯೂ ಇದ್ದಳು, ಇನ್ನಿಬ್ಬರನ್ನು ತೋರಿಸಲೆಂದೇ ಕರೆದುಕೊಂಡು ಬಂದಿದ್ದಳು. ಬಸಕ್ಕ ಅವಳನ್ನು ಕೈ ಬೀಸಿ ಕರೆದರು.

"ಬಾರವಾ, ಓದು. ಕಾಲು ನನ್ನವ. ಉಳಿದದ್ದು ಫ್ರಾನ್ಸಿನ ಹುಡುಗೀದು, ಆಕಿನ್ನ ನೋಡಿ ನೀ ನಗಬ್ಯಾಡ. ನಗೋದಿದ್ರ ನನ್ನ ಹೆಸರು ಹಿಡದು ನಗು."

ಅರುಂಧತಿ ಕಾರ್ಡನ್ನು ನೋಡಿದಳು, ಫೋನನ್ನು ಬ್ಯಾಗಿನೊಳಗೆ ಹಾಕಿದಳು. ಆರತಿಯ ವಿಷಯ ಎತ್ತಲಿಲ್ಲ. ಎತ್ತುತ್ತಾಳೆಂದು ನಾನು ಕಾದಿದ್ದೆ, ಬಸಕ್ಕನೂ ಕಾದಿದ್ದರು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅರುಂಧತಿ ಜೊತೆಯವರನ್ನು ಕರೆದುಕೊಂಡು ಮುಂದಿನ ಚಿತ್ರಕ್ಕೆ ಹೋದಳು.

ಮಡಿವಾಳಪ್ಪನವರು ಬ್ರಷ್ ಒರೆಸಿ ಪೆಟ್ಟಿಗೆ ಮುಚ್ಚಿದರು. ವಾಪಸು ಬರುವಾಗ ಕಾರಿನಲ್ಲಿ ಬಸಕ್ಕ ಅತ್ತರು, ಮುಚ್ಚುಮರೆಯಿಲ್ಲದೆ ಅತ್ತರು.

"ಆರತಿ ಹೋತಲ್ಲವಾ ಸಂಯುಕ್ತಾ. ಆ ನಿಹಾರಿಕಾಗ ನನ್ನ ಕೈಯಿಂದ ಉಡಿ ತುಂಬಬೇಕಂತ ಭಾಳ ಆಸೆ ಇತ್ತು."

ನನಗೆ ತಡೆಯಲಾಗಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. "ತಿರುಗಿಸ್ಲಾ ಬಸಕ್ಕ? ಹೋಗಿ ಆ ಕಾರ್ಡ್ ತೆಗೆದುಬಿಡೋಣ."

ಮಡಿವಾಳಪ್ಪನವರು ಹಿಂದೆ ತಿರುಗಿ ಹೆಂಡತಿಯನ್ನೇ ನೋಡಿದರು. ಬಸಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು.

"ಬ್ಯಾಡ. ತೆಗದ್ರ ನಾನೂ ಯಾರೋ ಒಬ್ಬಾಕಿ ಆಗ್ತೀನಿ."