ದೆಹಲಿಗೆ ಹೋಗಿ ಬಂದ ಕಾಲುಪೆಟ್ಟಿಗೆ

ನುಸಿಗುಳಿಗೆಯ ವಾಸನೆಗೆ ಹಳೆಯ ತೊಗಲಿನ ವಾಸನೆ ಬೆರೆತರೆ ನನಗೆ ಅದು ನಮ್ಮ ಮನೆಯ ವಾಸನೆ. ಮೊನ್ನೆ ಕೊಳ್ಳೇಗಾಲದ ಪಾರ್ಸೆಲ್ ಆಫೀಸಿನ ಬಾಗಿಲಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ನಾನು ಬೆಳಗಿನಿಂದ ಸುತ್ತಿ ಸುತ್ತಿ ಬಿಗಿದಿದ್ದ ಕಟ್ಟನ್ನು ಅಲ್ಲಿನ ಹುಡುಗ ಬ್ಲೇಡಿನಿಂದ ಸೀಳಿ ಒಳಗೆ ಇಣುಕಿದಾಗ ಆ ವಾಸನೆ ಎದ್ದು ಬಂತು. ಅವನಿಗೇನೂ ತಟ್ಟಲಿಲ್ಲ. “ಏನಕ್ಕ ಇದು, ಒಲ್ಗೆ ಮಿಷನ್ನಾ?” ಎಂದ. ಹಾರ್ಮೋನಿಯಂ ಎಂದೆ. “ಮತ್ತೆ ಇದ್ಕೆ ಕಾಲ್ ಅವಲ್ಲ?” ಎಂದ. ಕಾಲಲ್ಲಿ ತಿದಿ ತುಳಿದು, ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ ಕಣಪ್ಪ, ಕಾಲುಪೆಟ್ಟಿಗೆ ಅನ್ನುತ್ತಾರೆ ಎಂದು ವಿವರಿಸಿದೆ. “ಇಂಗ್ ಕಟ್ಟುದ್ರೆ ಇದು ಕಲಬುರಗಿ ಗಂಟ ತಡಿಯಕಿಲ್ಲ. ನೆಟ್ಗೆ ಪ್ಯಾಕ್ ಮಾಡ್ಕ ಬನ್ನಿ. ಆಮೇಲೆ ಮುರುದೋಯ್ತು ಅಂತ ನಮ್ ತಲೆ ತಿನ್ಬೇಡಿ,” ಎಂದು ಪಕ್ಕದಲ್ಲಿದ್ದ ಇನ್ನೊಬ್ಬರ ಮೂಟೆಯ ಕಡೆ ತಿರುಗಿಬಿಟ್ಟ. ಅದೇ ಹೊತ್ತಿಗೆ ಕಲಬುರಗಿಯಿಂದ ತಂಗಿ ಶಾಂತಿಯ ಫೋನು. ಅಕ್ಕಾ, ಗುಳ್ಳೆ ಪ್ಲಾಸ್ಟಿಕ್ ಸುತ್ತಿದೆಯಾ, ಅಡ್ಡ ಮಲಗಿಸಬೇಡ, ತಿದಿಗೆ ಹಗ್ಗ ತಾಗಿಸಬೇಡ. ಅವಳ ಹಿಂದಿನಿಂದ ಅವಳ ಗಂಡ, ಥರ್ಮಾಕೋಲು ಹಾಕಲು ಹೇಳು ಎಂದು ಕೂಗುತ್ತಿದ್ದ. ಆಟೋದವನು ಹಾರನ್ ಒತ್ತುತ್ತಿದ್ದ. ಈ ಪೆಟ್ಟಿಗೆಯ ಸಹವಾಸವೇ ಸಾಕು ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಅಂದ ಮೇಲೆ, ಇದು ನನ್ನ ಮಾತಲ್ಲ, ಅವ್ವನ ಮಾತು ಅನ್ನಿಸಿ ಸುಮ್ಮನೆ ಅದನ್ನು ಆಟೋಗೆ ಏರಿಸಿ ಮನೆಗೆ ವಾಪಸು ತಂದೆ.

ನಿಮ್ಮ ಮನೆಯಲ್ಲೂ ಅಂಥದೊಂದು ವಸ್ತು ಇದ್ದಿರಬಹುದು. ಮನೆಯವರೆಲ್ಲ ಬಯ್ಯುತ್ತ, ಬಯ್ಯುತ್ತಲೇ ಮೈ ಒರೆಸುತ್ತ ಸಾಕಿಕೊಂಡು ಬಂದ ವಸ್ತು. ಮುಳ್ಳೂರಿನ ನಮ್ಮ ಮನೆಯಲ್ಲಿ ಅದು ಈ ಕಾಲುಪೆಟ್ಟಿಗೆ. ನಡುಮನೆಯ ಒಳ್ಳೆಯ ಮೂಲೆ, ಎಲ್ಲಿ ಮಳೆ ಸೋರುತ್ತಿರಲಿಲ್ಲವೋ, ಎಲ್ಲಿ ಇಲಿ ಬರುತ್ತಿರಲಿಲ್ಲವೋ, ಆ ಮೂಲೆ ಅದರದು. ಭತ್ತದ ಮೂಟೆ ಆಮೇಲೆ, ನಾವು ಆಮೇಲೆ. ಅಪ್ಪನನ್ನು ಸುತ್ತಲಿನ ಊರಿನವರು ಪೆಟ್ಟಿಗೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಸುಗ್ಗಿ ಮುಗಿದು ಗದ್ದೆ ಬಿಡುವಾದರೆ ಅಗರ, ಧನಗೆರೆ, ಹನೂರಿನ ಕಡೆಯ ಹಳ್ಳಿಗಳಿಂದ ನಾಟಕ ಕಲಿಯುವವರು ಬಂದು ಅಪ್ಪನನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಕರೆದೊಯ್ಯುತ್ತಿದ್ದರು. ಗದ್ದೆ ಉಳುವ ಒಕ್ಕಲ ಮಕ್ಕಳನ್ನು ರಾಜಪಾರ್ಟಿಗೆ ತಿದ್ದಿ ನಿಲ್ಲಿಸುವುದು ಅಪ್ಪನ ಕಸುಬು. ಅದಕ್ಕೆ ಅವನಿಗೆ ಬೇಕಾಗಿದ್ದದ್ದು ಎರಡೇ, ಈ ಪೆಟ್ಟಿಗೆ ಮತ್ತು ತನ್ನ ಕಂಠ. ಮೊದಲು ತಾನು ಹಾಡಿ ತೋರಿಸುತ್ತಿದ್ದ, ಆಮೇಲೆ ಅವರಿಂದ ಹಾಡಿಸುತ್ತಿದ್ದ. ಅವನ ಕಂಠ ನೆನೆದರೆ ನನಗೆ ಈಗಲೂ ಹೊಸ ಬೆಲ್ಲದ ಅಚ್ಚು ನೆನಪಾಗುತ್ತದೆ, ಅಂಚಿನಲ್ಲಿ ಸ್ವಲ್ಪ ಒರಟು, ಒಳಗೆ ಮೆತ್ತಗೆ.

ಅಪ್ಪ ಊರಿಗೆ ಹೊರಟರೆ ಮನೆಯಲ್ಲಿ ಜಗಳ ಶುರು. ಪೆಟ್ಟಿಗೆ ಕಟ್ಟುವ ಕೆಲಸ ಅವ್ವನದು. ಅವ್ವನಷ್ಟು ಚೆನ್ನಾಗಿ ಕಟ್ಟುವವರು ಇರಲಿಲ್ಲ, ಅವ್ವನಷ್ಟು ಬಯ್ಯುತ್ತ ಕಟ್ಟುವವರೂ ಇರಲಿಲ್ಲ. ಕಾಲುಗಳನ್ನು ಮಡಚಿ, ತಿದಿ ಅಲ್ಲಾಡದಂತೆ ಅದರ ಕೆಳಗೆ ಬಟ್ಟೆ ತುರುಕಿ, ಸ್ವರದ ಮನೆಗಳ ಮೇಲೆ ಮೆತ್ತೆ ಹಾಸಿ, ಮುಚ್ಚಳ ಹಾಕಿ, ಕಂಬಳಿ ಸುತ್ತಿ, ಗೋಣಿತಾಟಿನಲ್ಲಿ ಹೊಲಿದು ನಿಲ್ಲಿಸುವಷ್ಟರಲ್ಲಿ ಅಪ್ಪನ ವಂಶದ ಹಿರಿಯರೆಲ್ಲ ಒಮ್ಮೆ ನೆನಪಿಗೆ ಬಂದು ಹೋಗಿರುತ್ತಿದ್ದರು. “ನಿಮ್ ಮಕ್ಳು ಚಳಿಗೆ ಮುದುರ್ಕಂಡವೆ, ನಿಮ್ ಪೆಟ್ಗೆಗೆ ಕಂಬ್ಳಿ! ಅದ್ಕೇನ್ ಜರ ಬಂದದಾ?” ಎನ್ನುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅಲ್ಲಿ ಇನ್ನೊಂದು ಗಂಟು, ಇಲ್ಲಿ ಇನ್ನೊಂದಿಷ್ಟು ಹತ್ತಿ ಎಂದು ಬೆರಳು ತೋರಿಸುತ್ತಿದ್ದ. ಅವ್ವನ ಸಿಟ್ಟು ನೆತ್ತಿಗೇರಲು ಆ ಬೆರಳೊಂದೇ ಸಾಕಾಗಿತ್ತು.

ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಅಗರದ ತಂಡಕ್ಕೆ ದೆಹಲಿಯಿಂದ ಕರೆ ಬಂತು. ಅಲ್ಲಿದ್ದ ನಮ್ಮ ಕಡೆಯ ಕೆಲವರು ಸೇರಿ ನಾಟಕ ಆಡಿಸುತ್ತಾರಂತೆ, ಅದೂ ಚಳಿಗಾಲದಲ್ಲಿ. ರಾಜಪಾರ್ಟಿನ ಕೆಂಪಣ್ಣ ಸೈಕಲ್ಲು ತುಳಿದುಕೊಂಡು ಬಂದು ಈ ಸುದ್ದಿ ಹೇಳಿದ ದಿನ ಅಪ್ಪ ಊಟ ಮಾಡಲಿಲ್ಲ, ಸುಮ್ಮನೆ ಪೆಟ್ಟಿಗೆಯ ಮುಂದೆ ಕುಳಿತಿದ್ದ. ಎಳಂದೂರಿನಿಂದ ಆಚೆ ಮೈಸೂರು ಬಿಟ್ಟರೆ ಅವನು ಬೇರೆ ಊರು ಕಂಡವನಲ್ಲ. ಕಿರೀಟ, ಗದೆ, ಪರದೆಗಳ ಟ್ರಂಕುಗಳ ಜೊತೆ ಪೆಟ್ಟಿಗೆಯನ್ನು ಲಾರಿಯಲ್ಲಿ ಮುಂದಾಗಿ ಕಳಿಸುವುದು, ಜನ ಹಿಂದಿನಿಂದ ರೈಲಿನಲ್ಲಿ ಹೋಗುವುದು ಎಂದು ತೀರ್ಮಾನವಾಯಿತು. ಪೆಟ್ಟಿಗೆ ತಾನಿಲ್ಲದೆ ಒಂಟಿಯಾಗಿ ಅಷ್ಟು ದೂರ ಹೋಗಬೇಕು ಅನ್ನುವುದೇ ಅಪ್ಪನಿಗೆ ದೊಡ್ಡ ಸಂಕಟವಾಯಿತು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಒಳಗೂ ಹೊರಗೂ ಅಲೆದಾಡಿದ.

ಆ ಸಲದ ಕಟ್ಟುವಿಕೆಯನ್ನು ನೆನೆದರೆ ನನಗೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಬಡಗಿಯಿಂದ ಹಲಗೆಯ ಪೆಟ್ಟಿಗೆ ಮಾಡಿಸಿದ್ದಾಯಿತು, ಪೆಟ್ಟಿಗೆಗೊಂದು ಪೆಟ್ಟಿಗೆ. ಅವ್ವ ಬಣವೆಯಿಂದ ಒಳ್ಳೆಯ ಭತ್ತದ ಹುಲ್ಲು ಹಿರಿದು ತಂದಳು. ಹುಲ್ಲಿನಲ್ಲಿ ತೇವ ಇರುತ್ತದೆ, ಸ್ವರ ಹೊರಡಿಸುವ ಹಿತ್ತಾಳೆ ರೀಡು ಕಿಲುಬು ಹಿಡಿಯುತ್ತದೆ ಎಂದು ಅಪ್ಪ ಅಡ್ಡಗಾಲು ಹಾಕಿದ. ಹುಲ್ಲನ್ನು ಬಿಸಿಲಿಗೆ ಹಾಕಿದ್ದಾಯಿತು. ನಮ್ಮ ತಲೆದಿಂಬು ಬಿಚ್ಚಿ ಬೂರುಗದ ಹತ್ತಿ ತೆಗೆದದ್ದಾಯಿತು. ಆ ಹತ್ತಿ ಮನೆಯೆಲ್ಲ ಹಾರಾಡಿ ಸಾರಿನ ಪಾತ್ರೆಗೂ ಬಿತ್ತು. ಅಪ್ಪನ ಅಕ್ಕ, ಗಂಡ ಸತ್ತ ಮೇಲೆ ನಮ್ಮ ಜೊತೆಯಲ್ಲೇ ಇದ್ದ ಅತ್ತೆ, ಮಾದಪ್ಪನ ವಿಭೂತಿ ತಂದು ತಿದಿಯ ಮೇಲೆಲ್ಲ ಎರಚಿದಳು. ಧೂಳು ಒಳಗೆ ಹೋಯಿತೆಂದು ಅಪ್ಪ ಮತ್ತೆ ಎಲ್ಲ ಬಿಚ್ಚಿಸಿದ. “ಲೇ ತಮ್ಮ, ದೇವ್ರ ವಿಬೂತಿ ಧೂಳಂದ್ಯಲ್ಲ, ನಿಂಗ್ ಬುದ್ದಿ ಅದ್ದಾ?” ಎಂದು ಅತ್ತೆ ಸೆರಗು ಕೊಡವಿಕೊಂಡು ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು. ಕೊನೆಗೆ ಎಲ್ಲ ತುಂಬಿ ಮುಚ್ಚುವ ಹೊತ್ತಿಗೆ ತಿದಿಯ ಪಕ್ಕದಲ್ಲಿ ಒಂದಿಷ್ಟು ಜಾಗ ಖಾಲಿ ಉಳಿಯಿತು. ಅಪ್ಪ ಒಳಗೆ ಹೋಗಿ ತನ್ನ ಸ್ವೆಟರು ತಂದ. ಒಡೆಯರಪಾಳ್ಯದ ಟಿಬೆಟಿನವರ ಹತ್ತಿರ, ದೆಹಲಿಯ ಚಳಿಗೆಂದೇ, ಅವ್ವ ಕೊಂಡುತಂದಿದ್ದ ದಪ್ಪ ಉಣ್ಣೆಯ ಸ್ವೆಟರು. ಅದನ್ನು ಮಡಚಿ ಆ ಸಂದಿಗೆ ಇಟ್ಟ.

“ಅದ್ನೂ ಆಕ್ಬುಟ್ರೆ ನೀವೇನ್ ತೊಟ್ಕತಿರಿ?” ಎಂದಳು ಅವ್ವ.

“ಚಳಿಗೆ ತಿದಿ ತೊಗ್ಲು ಬಿರ್ಕು ಬುಡ್ತದೆ ಕಣಮ್ಮಿ. ಅಲ್ಗೋಗಿ ಪೆಟ್ಗೆ ಬಿಚ್ಚುದ್ಮೇಲೆ ನಾನೇ ತೊಟ್ಕತಿನಿ ಬುಡು.”

“ರೈಲಲ್ಲಿ?”

“ರೈಲಲ್ಲಿ ಜನ ಇರ್ತಾರಲ್ಲ, ಬೆಚ್ಗಿರ್ತದೆ.”

ಅವ್ವ ಸುತ್ತಿಗೆಯನ್ನು ಅಲ್ಲೇ ನೆಲಕ್ಕೆ ಹಾಕಿ ಎದ್ದುಹೋದಳು. ಮೊಳೆಗಳನ್ನು ಅಪ್ಪನೇ ಹೊಡೆದ. ಒಂದು ಹೊಡೆಯಬೇಕಾದಲ್ಲಿ ನಾಲ್ಕು ಹೊಡೆದ.

ಅಲ್ಲಿ ಏನಾಯಿತೆಂದು ನಮಗೆ ಹೇಳಿದವನು ಕೆಂಪಣ್ಣ. ಲಾರಿ ದಾರಿಯಲ್ಲಿ ಎಲ್ಲೋ ಕೆಟ್ಟು ನಿಂತು ತಡವಾಯಿತು. ಅಪ್ಪ ಬರಿಯ ಷರಟಿನಲ್ಲಿ, ಹೆಗಲ ಮೇಲೊಂದು ಟವಲು ಹೊದ್ದು, ಮಂಜು ಮುಸುಕಿದ ಆ ಊರಿನ ಲಾರಿ ಆಫೀಸಿಗೆ ದಿನಾ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದನಂತೆ. ಯಾರೋ ಕೋಟು ಕೊಟ್ಟರೆ, ಕೈ ಬಿಗಿಯುತ್ತದೆ, ಬೆರಳು ಆಡುವುದಿಲ್ಲ ಎಂದನಂತೆ. ನಾಟಕದ ದಿನ ಮಧ್ಯಾಹ್ನ ಪೆಟ್ಟಿಗೆ ಬಂತು. ಅಪ್ಪ ಹೊಡೆದ ಮೊಳೆ ಕೀಳಲು ಇಡೀ ತಂಡವೇ ಹೋರಾಡಬೇಕಾಯಿತು. ಗದೆಯ ಹಿಡಿಯನ್ನೇ ಸಂದಿಗೆ ಕೊಟ್ಟು ಮೀಟಿದರಂತೆ. ಒಳಗೆ ಒಂದು ರೀಡೂ ಸರಿದಿರಲಿಲ್ಲ. ಸ್ವೆಟರು ಕೈಗೆ ಬಂದಾಗ ಎಲ್ಲರೂ, ಹಾಕಿಕೊಳ್ಳಿ ಮೇಷ್ಟ್ರೆ ಎಂದರು. ಅಪ್ಪ ಅದನ್ನು ತಿದಿಗೆ ಹೊದಿಸಿ ಕುಳಿತ, ಆಟ ಶುರುವಾಗುವವರೆಗೂ. “ಅವತ್ತು ಮೇಷ್ಟ್ರು ಪದ ಆಡ್ದಂಗೆ ಯಾವತ್ತೂ ಆಡಿಲ್ಲ ಕಣವ್ವ,” ಎಂದು ಕೆಂಪಣ್ಣ ಅವ್ವನ ಮುಂದೆ ಕಣ್ಣೊರೆಸಿಕೊಂಡ. ಅವ್ವ ಅವನಿಗೆ ಕಾಫಿ ಕೂಡ ಕೊಡಲಿಲ್ಲ.

ಏಕೆಂದರೆ ಅಷ್ಟು ಹೊತ್ತಿಗೆ ಅಪ್ಪ ಕೊಳ್ಳೇಗಾಲದ ಆಸ್ಪತ್ರೆಯಲ್ಲಿದ್ದ. ರೈಲಿನಿಂದ ಇಳಿಯುವಾಗಲೇ ಮೈ ಕೆಂಡವಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಉಳಿಯುತ್ತಾನೋ ಇಲ್ಲವೋ ಎಂದು ಅತ್ತೆ ಮಾದಪ್ಪನಿಗೆ ಮುಡಿಪು ಕಟ್ಟಿದಳು. ಅಪ್ಪ ಉಳಿದ. ಆದರೆ ಕಂಠ ಉಳಿಯಲಿಲ್ಲ. ಮಾತಾಡಿದರೆ ಒಡಕು ಮಡಕೆಯ ಸದ್ದು. ಒಂದು ಸಾಲು ಎತ್ತಿಕೊಂಡರೆ ಅರ್ಧದಲ್ಲೇ ಕೆಮ್ಮು. ಅವ್ವ ತಿಂಗಳುಗಟ್ಟಲೆ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಗಂಜಿ ಕುಡಿಸುವಾಗ ಗಂಜಿಗೆ ಬಯ್ಯುತ್ತಿದ್ದಳು, ಕಷಾಯ ಕೊಡುವಾಗ ಕಷಾಯಕ್ಕೆ. ನಡುಮನೆಯ ಪೆಟ್ಟಿಗೆಯ ಕಡೆ ಮುಖ ಕೂಡ ತಿರುಗಿಸುತ್ತಿರಲಿಲ್ಲ.

ಮಾರನೆಯ ವರ್ಷ ಸುಗ್ಗಿಯ ನಂತರ ಕೆಂಪಣ್ಣ ಅಂಜುತ್ತಲೇ ಬಂದ. ಬೇರೆ ಮೇಷ್ಟ್ರನ್ನು ನೋಡಿಕೊಳ್ಳಿ ಎಂದು ಅಪ್ಪ ಕೈಸನ್ನೆ ಮಾಡಿದ. ಕೆಂಪಣ್ಣ ಏಳಲಿಲ್ಲ. ನೀವು ನುಡಿಸಿ ಸಾಕು, ನಾನು ಕೇಳಿಕೊಂಡೇ ಕಲಿಯುತ್ತೇನೆ ಎಂದ. ಅಪ್ಪ ನುಡಿಸಿದ, ಕೆಂಪಣ್ಣ ಹಾಡಿದ, ತಪ್ಪಿತು. ಮತ್ತೆ ನುಡಿಸಿದ, ಮತ್ತೆ ಅದೇ ಜಾಗದಲ್ಲಿ ತಪ್ಪಿತು. ಅಪ್ಪ ತಾನೇ ಹಾಡಿ ತೋರಿಸಲು ಹೋಗಿ ಕೆಮ್ಮಿ ಕೆಮ್ಮಿ ಪೆಟ್ಟಿಗೆಯ ಮೇಲೆ ತಲೆಯಿಟ್ಟ. ಅವ್ವ ಬಾಗಿಲ ಹತ್ತಿರ ರಾಗಿ ಒನೆಯುತ್ತ ಕುಳಿತಿದ್ದಳು. ಮೂರನೆಯ ಸಲವೂ ಕೆಂಪಣ್ಣ ಆ ತಿರುವಿನಲ್ಲಿ ಜಾರಿದಾಗ ಅವಳ ತಾಳ್ಮೆ ಕೆಟ್ಟಿತು. “ಅಯ್ಯೋ, ಅಂಗಲ್ಲ ಕಣಪ್ಪ!” ಎಂದು ಮೊರವನ್ನು ಕೆಳಗಿಟ್ಟು, ಆ ಸಾಲನ್ನು ಪೂರ್ತಿ, ಎತ್ತಿದ ದನಿಯಲ್ಲಿ, ಒಂದು ಎಳೆಯೂ ತಪ್ಪದೆ ಹಾಡಿದಳು. ಹಾಡಿ ಮುಗಿಸಿ ಮತ್ತೆ ಮೊರ ಎತ್ತಿಕೊಂಡಳು. ಅಪ್ಪ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಇಷ್ಟು ವರ್ಷ ಗೋಡೆಯಾಚೆ ರೊಟ್ಟಿ ತಟ್ಟುತ್ತ, ಬಯ್ಯುತ್ತ, ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಮೆಲ್ಲಗೆ ತಿದಿ ತುಳಿದು ಮುಂದಿನ ಸಾಲು ನುಡಿಸಿದ. ಅವ್ವ ರಾಗಿ ಒನೆಯುತ್ತಲೇ, ಮುಖ ಸಿಂಡರಿಸಿಕೊಂಡೇ, ಅದನ್ನೂ ಹಾಡಿದಳು.

ಆಮೇಲೆ ಪೆಟ್ಟಿಗೆಯ ಜೊತೆ ಅವ್ವನೂ ಊರೂರಿಗೆ ಹೊರಟಳು. ಅಪ್ಪ ನುಡಿಸುವುದು, ಅವ್ವ ಹಾಡಿಕೊಡುವುದು. ಮೊದಲು ಅತ್ತೆಯೇ, ಗಂಡಸರ ಮುಂದೆ ಬಾಯಿಬಿಟ್ಟಳಲ್ಲ ಎಂದು ಮುಖ ಊದಿಸಿಕೊಂಡಿದ್ದಳು. ಆದರೆ ಧನಗೆರೆಯವನೊಬ್ಬ ನಮ್ಮ ಜಗಲಿಯಲ್ಲೇ ಕೂತು, ಮೇಷ್ಟ್ರ ಹೆಂಡತಿಯೇ ಮೇಷ್ಟ್ರಾದರಲ್ಲ ಎಂದು ನಕ್ಕಾಗ ಅತ್ತೆ ಅವನ ಕೈಯಿಂದ ಲೋಟ ಕಿತ್ತುಕೊಂಡಳು. “ನಮ್ಮೆಣ್ಣು ಬಾಯಿ ಬುಡ್ದೆ ಓಗಿದ್ರೆ ನಿಮ್ಮೂರ್ ರಾಜ ಬಾಯ್ ಮುಚ್ಕಂಡ್ ನಿಂತಿರೋನು, ಎದ್ದೋಗ್ಲಾ!” ಎಂದಳು. ಅವ್ವ ಊರಿಗೆ ಹೋದಾಗ ನನಗೂ ಶಾಂತಿಗೂ ಜಡೆ ಹಾಕಿ ಸ್ಕೂಲಿಗೆ ಕಳಿಸುತ್ತಿದ್ದವಳು ಅವಳೇ. ಅವ್ವನ ಬೈಗುಳ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಬಸ್ಸಿನ ಮೇಲೆ ಪೆಟ್ಟಿಗೆ ಏರಿಸುವ ಕ್ಲೀನರಿಗೆ, ತಾಳ ತಪ್ಪುವ ಮಂತ್ರಿಗೆ, ಬೀಡಿ ಸೇದುವ ಸ್ತ್ರೀಪಾರ್ಟಿನವನಿಗೆ, ಎಲ್ಲರಿಗೂ ಸಮನಾಗಿ ಹಂಚುತ್ತಿದ್ದಳು. ಅಪ್ಪ ನಗುತ್ತ ನುಡಿಸುತ್ತಿದ್ದ. ಅವರಿಬ್ಬರೂ ಅತಿ ಹೆಚ್ಚು ಸುಖವಾಗಿದ್ದದ್ದು ಆ ವರ್ಷಗಳಲ್ಲೇ ಅಂತ ನನಗೆ ಈಗ ಅನ್ನಿಸುತ್ತದೆ. ಆಗ ನಮಗೆ ಕೇಳಿಸುತ್ತಿದ್ದದ್ದು ಜಗಳ ಮಾತ್ರ.

ಅಪ್ಪ ಹೋದ. ಅತ್ತೆ ಹೋದಳು. ನಾಟಕದವರು ಕರೆಂಟಿನ ಕೀಬೋರ್ಡು ತರಿಸಲು ಶುರು ಮಾಡಿದರು. ಅವ್ವ ಕೊನೆಯ ವರ್ಷಗಳನ್ನು ಕೊಳ್ಳೇಗಾಲದಲ್ಲಿ ನನ್ನ ಹತ್ತಿರ ಕಳೆದಳು. ಪೆಟ್ಟಿಗೆಯ ಒರೆಸುಬಟ್ಟೆ ಸರಿಯಿಲ್ಲವೆಂದು ನನ್ನ ಮೇಲೆ ಹರಿಹಾಯುತ್ತ. ಮುಳ್ಳೂರಿನ ಮನೆ ಭಾಗವಾಗಿ ದಾಯಾದಿಗಳ ಪಾಲಿಗೆ ಹೋಯಿತು. ಜೆಸಿಬಿ ಒಂದೇ ಮಧ್ಯಾಹ್ನದಲ್ಲಿ ಅದನ್ನು ಮಟ್ಟ ಮಾಡಿತು. ನುಡಿಸಲು ಬಾರದ ನನ್ನ ಮನೆಯಲ್ಲಿ ಪೆಟ್ಟಿಗೆ ಸುಮ್ಮನೆ ಇತ್ತು. ಶಾಂತಿಯ ಮಗಳು ಕಾವ್ಯ ಕಲಬುರಗಿಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾಳೆ. ಅದನ್ನು ನನಗೆ ಕಳಿಸಿಕೊಡಿ ದೊಡ್ಡಮ್ಮ ಎಂದು ಅವಳು ಕೇಳಿದ್ದರಿಂದ ಈ ಪಾರ್ಸೆಲ್ಲಿನ ಪಡಿಪಾಟಲು.

ಮನೆಗೆ ತಂದ ಕಟ್ಟನ್ನು ಪೂರ್ತಿ ಬಿಚ್ಚಿ ಹಾಕಿದೆ. ಕಾಲು ಮಡಚಿದೆ, ತಿದಿಯ ಕೆಳಗೆ ನನ್ನ ಹಳೆಯ ನೂಲಿನ ಸೀರೆ ತುರುಕಿದೆ, ಸ್ವರದ ಮನೆಗಳ ಮೇಲೆ ಮೆತ್ತೆ ಹಾಸಿದೆ. ಗುಳ್ಳೆ ಪ್ಲಾಸ್ಟಿಕ್ಕೂ ಸುತ್ತಿದೆ, ಥರ್ಮಾಕೋಲೂ ಇಟ್ಟೆ, ಯಾರ ಮಾತೂ ಬಾಕಿ ಉಳಿಯಬಾರದೆಂದು. ಬಡಗಿಯಿಂದ ಹಲಗೆ ಹೊಡೆಸಿದೆ. ಪಾರ್ಸೆಲ್ಲಿನ ಹುಡುಗ ಈ ಸಲ ಗುದ್ದಿ ನೋಡಿ, “ಈಗ ಸರಿ ಕಣಕ್ಕ,” ಎಂದ. ಹಾಗೆ ಗುದ್ದಿದ್ದಕ್ಕೆ ಅವನ ಮೇಲೆ ಬಂದ ಸಿಟ್ಟು ಇಳಿಯಲು ಅರ್ಧ ದಿನ ಬೇಕಾಯಿತು.

ನಿನ್ನೆ ಸಂಜೆ ಕಾವ್ಯಳ ಫೋನು ಬಂತು. ಏನೂ ಮುರಿದಿಲ್ಲ, ಒಂದು ಸ್ವರ ಕೂಡ ಕೆಟ್ಟಿಲ್ಲ ಎಂದಳು. ನಂತರ ಕೇಳಿದಳು: “ಅಜ್ಜಿ ಹೆಂಗೆ ಹಾಡ್ತಿದ್ರು ದೊಡ್ಡಮ್ಮ?”

ಅವ್ವನ ದನಿಯನ್ನು ನಾವ್ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಅದು ಯಾವಾಗಲೂ ಇದ್ದೇ ಇತ್ತಲ್ಲ. “ಜೋರಾಗಿ ಹಾಡೋಳು,” ಎಂದೆ. ಒಂದು ಸಾಲು ಹೇಳಿ ಎಂದು ಅವಳು ಹಠ ಹಿಡಿದಳು. ನನಗೆ ಪದಗಳೆಲ್ಲ ಬಾಯಿಗೆ ಬಂದವು, ರಾಗ ಬರಲಿಲ್ಲ. ಪಾಠ ಒಪ್ಪಿಸುವವಳ ಹಾಗೆ ಹೇಳಿದೆ. ಅತ್ತ ಕಡೆ ಕಾವ್ಯ ತಿದಿ ತುಳಿಯುತ್ತ, ಒಂದೊಂದೇ ಮನೆ ಒತ್ತಿ ಹುಡುಕತೊಡಗಿದಳು. ಅದಲ್ಲ, ಅದೂ ಅಲ್ಲ, ಸ್ವಲ್ಪ ಮೇಲೆ ಎನ್ನುತ್ತಾ ಹೋದೆ. ಹುಡುಕುತ್ತ ಹುಡುಕುತ್ತ, ಯಾವುದೋ ಒಂದು ಕ್ಷಣ, ಆ ಸಾಲಿನ ತಿರುವು ಸರಿಯಾಗಿ ಹಾಗೇ ಬಂದುಬಿಟ್ಟಿತು.

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಸ್ವರ ನಿಂತಿತು.

“ದೊಡ್ಡಮ್ಮ? ನೆಟ್‌ವರ್ಕ್ ಹೋಯ್ತಾ?”

“ಇಲ್ಲ ಕಣವ್ವ,” ಎಂದೆ. “ನಾನ್ ಇಲ್ಲೇ ಅವ್ನಿ.”